ದೂರುಗಳ ಸಂಖ್ಯೆ: ಸೊನ್ನೆ

ಕಾಲೇಜು, ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಯುಜಿಸಿಗೆ ಒಪ್ಪಿಸಬೇಕಾದ ವರದಿಯಲ್ಲಿ ಲೈಂಗಿಕ ಕಿರುಕುಳದ ದೂರುಗಳ ಲೆಕ್ಕವೂ ಇರಬೇಕು. ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು ಎಂದು ತಿಳಿಸಬೇಕು. ಎರಡೂ ಕಡೆ ಸೊನ್ನೆ ಬರೆದು ಕಳಿಸುವ ಸಂಸ್ಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಮೌಲ್ಯಾಂಕನಕ್ಕೆ ನ್ಯಾಕ್ ತಂಡ ಬಂದಾಗ ಆ ಸೊನ್ನೆಯನ್ನು ಸಂಸ್ಥೆಯ ಶಿಸ್ತಿಗೆ ಸಾಕ್ಷಿಯೆಂಬಂತೆ ತೋರಿಸುವುದೂ ಉಂಟು. ಸಾವಿರಾರು ಹುಡುಗ ಹುಡುಗಿಯರು, ಅಧ್ಯಾಪಕರು, ಸಿಬ್ಬಂದಿ, ಹಾಸ್ಟೆಲ್ಲು, ಲ್ಯಾಬು, ಪ್ರವಾಸ, ಫೆಸ್ಟು ಎಲ್ಲವೂ ಇರುವ ಜಾಗದಲ್ಲಿ ವರ್ಷಗಟ್ಟಲೆ ಒಬ್ಬಳೇ ಒಬ್ಬಳಿಗೂ ದೂರು ಕೊಡುವಂಥದ್ದು ಏನೂ ಆಗಲಿಲ್ಲ ಎಂದರೆ ನಂಬುವುದು ಕಷ್ಟ. ಆಗಿದೆ, ಯಾರೂ ಹೇಳಿಲ್ಲ ಎಂದುಕೊಳ್ಳುವುದೇ ಹೆಚ್ಚು ಸರಿ. ಹತ್ತು ದೂರು ಬಂದ ಕ್ಯಾಂಪಸ್ಸಿಗಿಂತ ಒಂದೂ ಬಾರದ ಕ್ಯಾಂಪಸ್ಸಿನ ಬಗ್ಗೆ ನನಗೆ ಆತಂಕ ಹೆಚ್ಚು.

ಯಾಕೆ ಹೇಳುವುದಿಲ್ಲ ಎಂದರೆ ನಾಚಿಕೆ, ಮರ್ಯಾದೆ ಎಂಬ ಹಳೆಯ ಉತ್ತರಗಳಿವೆ. ಅವು ಸುಳ್ಳಲ್ಲ. ಆದರೆ ಶಹಾಪುರದಿಂದ ಕಲಬುರಗಿಗೆ, ಹರಪನಹಳ್ಳಿಯಿಂದ ದಾವಣಗೆರೆಗೆ, ಎಚ್.ಡಿ. ಕೋಟೆಯಿಂದ ಮೈಸೂರಿಗೆ ಓದಲು ಬಂದ ಹುಡುಗಿಯ ಬಾಯಲ್ಲಿ ಮೊದಲು ಬರುವ ಮಾತು ಬೇರೆ: "ಮನೇಲಿ ಗೊತ್ತಾದ್ರೆ ಓದು ಬಿಡಿಸ್ತಾರೆ." ಆ ಮನೆತನದಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳೇ ಇರಬಹುದು. ಅವಳನ್ನು ಹಾಸ್ಟೆಲಿಗೆ ಕಳಿಸಲು ಅಪ್ಪನನ್ನು ಒಪ್ಪಿಸುವುದಕ್ಕೆ ಅವ್ವ, ಅಕ್ಕ, ಹೈಸ್ಕೂಲಿನ ಮೇಷ್ಟ್ರು ಎಲ್ಲರೂ ಸೇರಿ ಹೆಣಗಾಡಿರುತ್ತಾರೆ. ಕೈ ಹಾಕಿದವನ ಭಯಕ್ಕಿಂತ, ಓದು ನಿಂತು ವರ್ಷದೊಳಗೆ ಮದುವೆಯಾಗಿ ಹೋಗಬೇಕಾದೀತೆಂಬ ಭಯ ಅವಳಿಗೆ ದೊಡ್ಡದು. ಇಷ್ಟೆಲ್ಲ ಮೀರಿ ಅವಳು ದೂರು ಹೇಳಲು ಬಂದಾಗ ಆಫೀಸಿನಲ್ಲಿ ಕೇಳುವ ಮೊದಲ ಮಾತು, "ನಾಳೆ ನಿಮ್ಮ ತಂದೆಯವರನ್ನ ಕರ್ಕೊಂಡು ಬಾಮ್ಮ." ನಾಳೆ ಅವಳು ಬರುವುದಿಲ್ಲ. ದೂರಿನ ವಿವರಗಳನ್ನು ಗೋಪ್ಯವಾಗಿಡಬೇಕೆಂದು ಕಾನೂನು ಹೇಳುತ್ತದೆ. ಹದಿನೆಂಟು ತುಂಬಿದವಳ ಒಪ್ಪಿಗೆಯಿಲ್ಲದೆ ಅವಳ ಮನೆಗೆ ಫೋನು ಹಚ್ಚುವುದು ಆ ಕಾನೂನಿನ ಆಶಯಕ್ಕೇ ವಿರುದ್ಧ ಎಂದು ನಾನು ಬಲವಾಗಿ ನಂಬುತ್ತೇನೆ.

2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅಂಥ ನಿರ್ಜನ ಜಾಗಕ್ಕೆ ಅವಳು ಹೋಗಬಾರದಿತ್ತು ಎಂಬ ಅರ್ಥದ ಮಾತನ್ನು ಆಗಿನ ಗೃಹ ಸಚಿವರು ಆಡಿ, ಆಮೇಲೆ ಹಿಂತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಒಬ್ಬರೇ ಓಡಾಡುವಂತಿಲ್ಲ, ಕುಕ್ಕರಹಳ್ಳಿ ಕೆರೆಯ ಕಡೆಗೂ ಹೋಗುವಂತಿಲ್ಲ. ವಿರೋಧ ಬಂದ ಮೇಲೆ ಅದನ್ನೂ ಹಿಂಪಡೆದರು. ಬರೆದವರ ಮನಸ್ಸಿನಲ್ಲಿ ಕಾಳಜಿಯೇ ಇದ್ದಿರಬಹುದು. ಆದರೆ ಇಂಥ ನಿಯಮ ಮಾಡುವ ಹಾನಿಯನ್ನು ನೋಡಿ. ಏಳು ಗಂಟೆಗೆ ಗ್ರಂಥಾಲಯದಿಂದ ಬರುವಾಗ ಯಾರೋ ಅಡ್ಡಗಟ್ಟಿದರೆ, ಆ ಹುಡುಗಿಗೆ ಮೊದಲು ಹೊಳೆಯುವುದು ತಾನು ನಿಯಮ ಮುರಿದಿದ್ದೇನೆ ಎಂಬುದು. ದೂರು ಕೊಡಲು ಹೋದರೆ ಮೊದಲ ತಪ್ಪಿತಸ್ಥೆ ತಾನೇ. ಕತ್ತಲಾದ ಮೇಲೆ ಹೊರಗಿರಬಾರದೆಂದು ಹೇಳಿದ ಸಂಸ್ಥೆ, ಕತ್ತಲಾದ ಮೇಲೆ ನಡೆದದ್ದನ್ನು ತನ್ನೆದುರು ಹೇಳಬೇಡ ಎಂದೂ ಹೇಳಿದಂತಾಯಿತು.

ಸುತ್ತೋಲೆ ಹೊರಡುವ ಹೊತ್ತಿಗಾಗಲೇ ಅದಕ್ಕೆ ವಿರುದ್ಧವಾದ ನಿಯಮ ಜಾರಿಯಲ್ಲಿತ್ತು. 2016ರ ಮೇ 2ರಂದು ಗೆಜೆಟ್‌ನಲ್ಲಿ ಪ್ರಕಟವಾದ ಯುಜಿಸಿಯ ಲೈಂಗಿಕ ಕಿರುಕುಳ ತಡೆ ನಿಯಮಾವಳಿಯು, ಸುರಕ್ಷತೆಯ ನೆಪ ಹೇಳಿ ಹಾಸ್ಟೆಲುಗಳಲ್ಲಿ ಹೆಣ್ಣುಮಕ್ಕಳಿಗೊಂದು ಗಂಡುಮಕ್ಕಳಿಗೊಂದು ನಿಯಮ ಮಾಡಕೂಡದು ಎನ್ನುತ್ತದೆ. ಕಾವಲು, ಕಣ್ಗಾವಲುಗಳು ಮಹಿಳೆಯರ ಓಡಾಟವನ್ನು ಕಸಿಯಬಾರದು ಎನ್ನುತ್ತದೆ. ಅದು ಕೇಳುವುದು ಸಾಕಷ್ಟು ದೀಪಗಳನ್ನು, ಹಾಸ್ಟೆಲು, ಗ್ರಂಥಾಲಯ, ಪ್ರಯೋಗಾಲಯಗಳ ನಡುವೆ ನಂಬಿಕೆಗೆ ತಕ್ಕ ವಾಹನ ವ್ಯವಸ್ಥೆಯನ್ನು, ಆಪ್ತ ಸಮಾಲೋಚಕರನ್ನು. ಒಂದು ಸುತ್ತೋಲೆಗೆ ಕಾಗದವೊಂದೇ ಖರ್ಚು. ಬೀದಿದೀಪಕ್ಕೂ ಬಸ್ಸಿಗೂ ಬಜೆಟ್ ಬೇಕು. ಕಷ್ಟ ಇರುವುದು ಇಲ್ಲಿಯೇ.

ಬೇಲಿ ಎತ್ತರಿಸಿದರೆ ಸಾಕೆಂಬ ಯೋಚನೆ ಅಪಾಯ ತರುವವನು ಹೊರಗಿನಿಂದ ಬರುತ್ತಾನೆ ಎಂಬ ಊಹೆಯ ಮೇಲೆ ನಿಂತಿದೆ. ಹೊರಗಿನಿಂದ ಬಂದದ್ದೂ ಇದೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳಲ್ಲಿ ವರ್ಷ ವರ್ಷವೂ ಕಾಣುವ ಸಂಗತಿಯೆಂದರೆ, ದಾಖಲಾದ ಅತ್ಯಾಚಾರ ಪ್ರಕರಣಗಳ ಪೈಕಿ ಶೇ 95ರ ಆಸುಪಾಸಿನಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತನೇ. ಕ್ಯಾಂಪಸ್ಸಿನಲ್ಲಿ ಆ ಪರಿಚಿತ ಸಹಪಾಠಿಯಾಗಿರುತ್ತಾನೆ, ಸೀನಿಯರ್ ಆಗಿರುತ್ತಾನೆ, ಮೊನ್ನೆಯವರೆಗೂ ಪ್ರೀತಿಸಿದವನಾಗಿರುತ್ತಾನೆ, ಕೆಲವೊಮ್ಮೆ ಪಾಠ ಹೇಳುವವನೇ ಆಗಿರುತ್ತಾನೆ. ಅವನು ಗೇಟಿನ ಒಳಗೇ ಇದ್ದಾನೆ. ಅವನ ಹತ್ತಿರ ಐಡಿ ಕಾರ್ಡ್ ಇದೆ.

ನಮ್ಮ ದೇಶದಲ್ಲಿ ಇಂಥ ದೂರುಗಳ ವಿಚಾರಣೆಗೆಂದೇ ಇರುವ ವ್ಯವಸ್ಥೆಯ ಬೇರು ವಿಶ್ವವಿದ್ಯಾಲಯದಲ್ಲಿಲ್ಲ, ರಾಜಸ್ಥಾನದ ಒಂದು ಹಳ್ಳಿಯಲ್ಲಿದೆ. ಬಾಲ್ಯವಿವಾಹ ತಡೆಯುವ ಸರ್ಕಾರಿ ಕೆಲಸ ಮಾಡುತ್ತಿದ್ದ ಭಂವರಿ ದೇವಿಯ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರವಾಯಿತು. ಆ ಪ್ರಕರಣದ ಬೆನ್ನಿಗೆ ಮಹಿಳಾ ಸಂಘಟನೆಗಳು ಹೂಡಿದ ಮೊಕದ್ದಮೆಯಲ್ಲಿ 1997ರ ಆಗಸ್ಟ್ 13ರಂದು ಸುಪ್ರೀಂ ಕೋರ್ಟ್ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ವಿಶಾಖಾ ಮಾರ್ಗಸೂಚಿಗಳನ್ನು ಕೊಟ್ಟಿತು. ದೆಹಲಿಯ ಜೆಎನ್‌ಯು 1999ರಲ್ಲಿ ಅವನ್ನು ತನ್ನ ಕ್ಯಾಂಪಸ್ಸಿಗೆ ಒಗ್ಗಿಸಿಕೊಂಡು ಜಿಎಸ್‌ಕ್ಯಾಶ್ ಎಂಬ ಸಮಿತಿ ಕಟ್ಟಿತು. ವಿದ್ಯಾರ್ಥಿಗಳೇ ತಮ್ಮ ಪ್ರತಿನಿಧಿಗಳನ್ನು ಚುನಾಯಿಸಿ ಅದಕ್ಕೆ ಕಳಿಸುತ್ತಿದ್ದರು. 2017ರಲ್ಲಿ ಅದನ್ನು ರದ್ದುಮಾಡಿ ಆ ಜಾಗದಲ್ಲಿ ಆಂತರಿಕ ದೂರು ಸಮಿತಿ, ಅಂದರೆ ಎಲ್ಲರೂ ಐಸಿಸಿ ಎನ್ನುವ ಸಮಿತಿಯನ್ನು ತಂದರು. ಅದೇ ಉದ್ದೇಶದ 2013ರ ಪೋಶ್ ಕಾಯ್ದೆ ಮತ್ತು ಮೇಲೆ ಹೇಳಿದ ಯುಜಿಸಿ ನಿಯಮಾವಳಿ ಇವತ್ತು ಎಲ್ಲ ಕಾಲೇಜುಗಳಿಗೂ ಅನ್ವಯ. ಕ್ಯಾಂಪಸ್ ಎಂದರೆ ಕಟ್ಟಡವಷ್ಟೇ ಅಲ್ಲ. ಕಾಲೇಜಿನ ಬಸ್ಸು, ಅಧ್ಯಯನ ಪ್ರವಾಸ, ಕ್ಯಾಂಪು, ಕ್ರೀಡಾಕೂಟ, ಇಂಟರ್ನ್‌ಷಿಪ್ಪಿನ ಜಾಗವೂ ಇದರ ವ್ಯಾಪ್ತಿಯೊಳಗೇ. ಗಂಡು ವಿದ್ಯಾರ್ಥಿಗಳೂ ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳೂ ದೌರ್ಜನ್ಯಕ್ಕೆ ಒಳಗಾಗಬಹುದೆಂದು ಯುಜಿಸಿ ನಿಯಮಾವಳಿ ಗುರುತಿಸಿದೆ.

ಈ ಸಮಿತಿಯ ರಚನೆಯನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಓದಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಅಧ್ಯಾಪಕಿ. ಜೊತೆಗೆ ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ನೌಕರರು, ಮಹಿಳೆಯರ ವಿಷಯದಲ್ಲಿ ಕೆಲಸ ಮಾಡುವ ಸಂಸ್ಥೆಯಿಂದ ಹೊರಗಿನ ಒಬ್ಬ ಸದಸ್ಯರು. ವಿದ್ಯಾರ್ಥಿಗಳ ವಿಷಯವಾದರೆ ಮೂವರು ವಿದ್ಯಾರ್ಥಿ ಸದಸ್ಯರು. ಕನಿಷ್ಠ ಅರ್ಧದಷ್ಟು ಮಹಿಳೆಯರು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರು ಇದರಲ್ಲಿ ಇರುವಂತಿಲ್ಲ. ಈ ಕೊನೆಯ ಮಾತೇ ಸಮಿತಿಯ ಜೀವ. ಸಂಸ್ಥೆಯ ಹೆಸರು ಉಳಿಸುವ ಹೊಣೆ ಹೊತ್ತವರೇ ದೂರಿನ ವಿಚಾರಣೆಗೂ ಕುಳಿತರೆ ಗೆಲ್ಲುವುದು ಹೆಸರೇ. ದೂರು ಕೊಡಲು ಮೂರು ತಿಂಗಳು, ಕಾರಣವಿದ್ದರೆ ಇನ್ನೂ ಮೂರು ತಿಂಗಳು. ವಿಚಾರಣೆಗೆ 90 ದಿನ. ಶಿಫಾರಸಿನ ಮೇಲೆ ಆಡಳಿತ 30 ದಿನಗಳೊಳಗೆ ಕ್ರಮ ಕೈಗೊಳ್ಳಬೇಕು. ದೂರನ್ನು ಸಾಬೀತು ಮಾಡಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳು ದೂರಾಗುವುದಿಲ್ಲ ಎಂದೂ ಸ್ಪಷ್ಟವಾಗಿ ಬರೆದಿದೆ. ರಾಜಿ ಮಾತುಕತೆ ದೂರು ಕೊಟ್ಟವಳು ತಾನಾಗಿ ಕೇಳಿದರೆ ಮಾತ್ರ. "ಹುಡುಗನ ಭವಿಷ್ಯ ನೋಡಮ್ಮ" ಎಂದು ಹಿರಿಯರು ಸುತ್ತ ಕುಳಿತು ಮಾಡಿಸುವ ರಾಜಿಗೆ ಅದರಲ್ಲಿ ಜಾಗವಿಲ್ಲ.

ನಿಯಮಾವಳಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಎನ್ನಿಸುವುದು ಹೆಚ್ಚು ಚರ್ಚೆಯಾಗದ ಒಂದು ಭಾಗ. ವಿಚಾರಣೆ ನಡೆಯುವಾಗಲೇ ಕೊಡಬಹುದಾದ ಮಧ್ಯಂತರ ರಕ್ಷಣೆ ಅದು. ಪಿಎಚ್‌ಡಿ ಮಾಡುವ ಹುಡುಗಿಯ ಸ್ಥಿತಿಯನ್ನು ನೆನೆಯಿರಿ. ಅವಳ ಫೆಲೋಶಿಪ್ ಬಿಲ್ಲಿಗೆ ಗೈಡ್ ಸಹಿ ಬೇಕು, ಪ್ರಗತಿ ವರದಿಗೆ ಸಹಿ ಬೇಕು, ಪ್ರಬಂಧ ಸಲ್ಲಿಸಲು ಸಹಿ ಬೇಕು, ನಾಳೆ ಕೆಲಸಕ್ಕೆ ಅರ್ಜಿ ಹಾಕಿದರೆ ಅವನದೇ ಶಿಫಾರಸು ಬೇಕು. ಆ ಗೈಡ್ ರಾತ್ರಿ ಹನ್ನೊಂದಕ್ಕೆ ಮೆಸೇಜು ಕಳಿಸಲು ಶುರುಮಾಡಿದಾಗ, ಫೀಲ್ಡ್‌ವರ್ಕಿಗೆಂದು ಒಬ್ಬಳೇ ಬರಲು ಒತ್ತಾಯಿಸಿದಾಗ, ಅವಳು ಯೋಚಿಸುವುದು ಕಳೆದ ನಾಲ್ಕು ವರ್ಷಗಳ ದುಡಿಮೆಯ ಬಗ್ಗೆ. ಡಿಗ್ರಿ ಹುಡುಗಿಗೆ ಆಂತರಿಕ ಅಂಕಗಳ ಭಯ, ಇವಳಿಗೆ ಇಡೀ ಬದುಕಿನ ಭಯ. ಆರೋಪಕ್ಕೊಳಗಾದವನು ಅವಳ ಕೆಲಸವನ್ನಾಗಲೀ ಪರೀಕ್ಷೆಯನ್ನಾಗಲೀ ಮೌಲ್ಯಮಾಪನ ಮಾಡದಂತೆ ತಡೆಯಲು, ಅವಳಿಂದ ದೂರವಿರುವಂತೆ ಆದೇಶಿಸಲು, ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು. ದೂರು ಬಂದ ವಾರದೊಳಗೇ ಇದನ್ನು ಮಾಡಿಸುವ ಸಮಿತಿಯ ಬಗ್ಗೆ ಸುದ್ದಿ ಹಾಸ್ಟೆಲಿನಿಂದ ಹಾಸ್ಟೆಲಿಗೆ ತಾನೇ ಹರಡುತ್ತದೆ. ಗೈಡ್ ಬದಲಾಯಿಸಲು ಹೋದ ಸಂಶೋಧಕಿಯನ್ನು ಒಂದು ವರ್ಷ ಅಲೆಸುವ ವಿಭಾಗದ ಸುದ್ದಿಯೂ ಹರಡುತ್ತದೆ, ಇನ್ನೂ ಬೇಗ.

ಸಮಿತಿ ಇದ್ದರೂ ನಂಬಿಕೆ ಇಲ್ಲದಿದ್ದರೆ ಏನಾಗುತ್ತದೆ? 2017ರಲ್ಲಿ ಲೈಂಗಿಕ ಕಿರುಕುಳದ ಆರೋಪ ಹೊತ್ತ ಪ್ರಾಧ್ಯಾಪಕರ ಪಟ್ಟಿಯೊಂದು ಫೇಸ್‌ಬುಕ್‌ನಲ್ಲಿ ಹೊರಬಂದಾಗ ಸ್ತ್ರೀವಾದಿಗಳೇ ಎರಡು ಪಾಳಯವಾದರು. ಆರೋಪಿಗೆ ಉತ್ತರಿಸುವ ಅವಕಾಶವಿಲ್ಲದ ಪಟ್ಟಿ ನ್ಯಾಯವಲ್ಲ ಎಂದರು ಒಂದಷ್ಟು ಜನ. ಸಮಿತಿಗಳು ನ್ಯಾಯ ಕೊಟ್ಟಿದ್ದರೆ ಪಟ್ಟಿ ಏಕೆ ಬರುತ್ತಿತ್ತು ಎಂದು ಕಿರಿಯರು ಕೇಳಿದರು. ಇಬ್ಬರ ಮಾತಿನಲ್ಲೂ ನಿಜವಿತ್ತು. 2025ರ ಜುಲೈನಲ್ಲಿ ಒಡಿಶಾದ ಬಾಲೇಶ್ವರದ ಫಕೀರ್ ಮೋಹನ್ ಕಾಲೇಜಿನ ಬಿ.ಇಡಿ. ವಿದ್ಯಾರ್ಥಿನಿಯೊಬ್ಬಳು ವಿಭಾಗ ಮುಖ್ಯಸ್ಥರ ವಿರುದ್ಧ ದೂರು ಕೊಟ್ಟು, ನ್ಯಾಯ ಸಿಗುವುದಿಲ್ಲವೆಂದು ಹತಾಶಳಾಗಿ ಪ್ರಾಣ ಕಳೆದುಕೊಂಡಳು. ಅಲ್ಲಿ ಆಂತರಿಕ ಸಮಿತಿ ಇತ್ತು. ದೂರೂ ಲಿಖಿತವಾಗಿತ್ತು. ವಿಭಾಗ ಮುಖ್ಯಸ್ಥರನ್ನೂ ಪ್ರಾಂಶುಪಾಲರನ್ನೂ ಪೊಲೀಸರು ಬಂಧಿಸಿದ್ದು ಆಮೇಲೆ. ಈ ಸಾವನ್ನು ನೆನೆದಾಗ ಸಿಟ್ಟು, ಸಂಕಟ ಎರಡೂ ಒಟ್ಟಿಗೆ ಬರುತ್ತವೆ.

ಹಾಗೆಂದು ಆತುರದ ವಿಚಾರಣೆಯೂ ದೂರು ಕೊಟ್ಟವಳಿಗೆ ಉಪಕಾರ ಮಾಡುವುದಿಲ್ಲ. ಗೋವಾ ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರೊಬ್ಬರ ವಿರುದ್ಧ 2009ರಲ್ಲಿ ವಿದ್ಯಾರ್ಥಿನಿಯರು ದೂರು ಕೊಟ್ಟರು. ವಿಚಾರಣೆಯಾಗಿ ಅವರನ್ನು ವಜಾ ಮಾಡಲಾಯಿತು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ವಜಾವನ್ನು ರದ್ದುಮಾಡಿತು. ಸಮಿತಿ ಅನಗತ್ಯ ಅವಸರ ಮಾಡಿ, ಆರೋಪಿಗೆ ತನ್ನ ಪರ ವಾದಿಸಲು ಸರಿಯಾದ ಅವಕಾಶ ಕೊಟ್ಟಿರಲಿಲ್ಲ ಎಂಬುದು ಕಾರಣ. ಪ್ರಕರಣವನ್ನು ಮತ್ತೆ ವಿಚಾರಣೆಗೆಂದು ಸಮಿತಿಗೇ ಕಳಿಸಿತು. ದೂರು ಕೊಟ್ಟು ಹದಿನಾಲ್ಕು ವರ್ಷಗಳಾದ ಮೇಲೆ ಆ ಹೆಣ್ಣುಮಕ್ಕಳು ಮತ್ತೆ ಅದೇ ಮಾತುಗಳನ್ನು ಹೇಳಬೇಕಾಗಿ ಬರಬಹುದಾದ ಸ್ಥಿತಿ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಹಿಮಾ ಕೊಹ್ಲಿ, ಪೋಶ್ ಕಾಯ್ದೆ ಬಂದು ದಶಕವಾದರೂ ಅದರ ಜಾರಿಯಲ್ಲಿ ಗಂಭೀರ ಲೋಪಗಳಿವೆ ಎಂದು ವಿಷಾದಿಸಿ, ಎಲ್ಲೆಡೆ ಸಮಿತಿಗಳಿವೆಯೇ ಎಂದು ಪರಿಶೀಲಿಸಲು ಆದೇಶಿಸಿದರು. ಸಮಿತಿಯ ಸದಸ್ಯರಿಗೆ ತರಬೇತಿ ಕೊಡಬೇಕೆಂದು ನಿಯಮ ಹೇಳುವುದು ಇದಕ್ಕೇ. ಒಳ್ಳೆಯ ಮನಸ್ಸಿನ ಪ್ರಾಧ್ಯಾಪಕಿಗೂ ಪಾಟೀಸವಾಲು ಹೇಗೆ ನಡೆಸಬೇಕು, ಹೇಳಿಕೆ ಹೇಗೆ ದಾಖಲಿಸಬೇಕು ಎಂಬುದು ಹುಟ್ಟಿನಿಂದ ಬಂದಿರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸಂಸ್ಥೆಯೊಳಗಿನ ದಾರಿ. ಅತ್ಯಾಚಾರ, ಹಲ್ಲೆಗಳು ಅಪರಾಧಗಳು. ಪೊಲೀಸರ ದಾರಿಯೂ ಇದೆ, ಎರಡೂ ಒಟ್ಟಿಗೆ ನಡೆಯಬಹುದು. ಯಾವುದು ಬೇಕು ಎಂಬುದನ್ನು ತೀರ್ಮಾನಿಸಬೇಕಾದವಳು ಅವಳು. ಒಂದು ವಿನಾಯಿತಿಯನ್ನು ಅಧ್ಯಾಪಕರು ಮರೆಯಬಾರದು. ಮೊದಲ ವರ್ಷದ ಡಿಗ್ರಿ ತರಗತಿಯಲ್ಲಿ ಹದಿನೇಳರ ಮಕ್ಕಳೂ ಇರುತ್ತಾರೆ. ಅವರ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ.

ಅತ್ಯಾಚಾರ ನಡೆದ ಮೇಲಿನ ಮೊದಲ ಮೂರು ದಿನಗಳು ಮುಖ್ಯ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಶುರುಮಾಡಬೇಕು, ಬೇಗನಾದಷ್ಟೂ ಒಳ್ಳೆಯದು. ತುರ್ತು ಗರ್ಭನಿರೋಧಕ ಮಾತ್ರೆಯೂ ಹಾಗೆಯೇ. ಸಾಧ್ಯವಾದರೆ ಸ್ನಾನ ಮಾಡದೆ, ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಪ್ಲಾಸ್ಟಿಕ್ಕಿನ ಬದಲು ಕಾಗದದ ಕವರಿನಲ್ಲಿಟ್ಟು ಆಸ್ಪತ್ರೆಗೆ ಹೋಗಬೇಕು. ಸ್ನಾನ ಮಾಡಿಯಾಗಿದ್ದರೂ ಹೋಗಲೇಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ, ನಿರಾಕರಿಸಿದರೆ ಶಿಕ್ಷೆಯಿದೆ. ಎಫ್‌ಐಆರ್ ತಂದರೆ ಮಾತ್ರ ನೋಡುತ್ತೇವೆ ಎನ್ನುವಂತಿಲ್ಲ. ತಪಾಸಣೆಗೆ ಅವಳ ಒಪ್ಪಿಗೆ ಬೇಕು, ಬೇಡವೆನ್ನುವ ಹಕ್ಕೂ ಅವಳದೇ. ಹಿಂದೆ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಈಗಲೂ ಮಾಡುವ ವೈದ್ಯರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಝೀರೊ ಎಫ್‌ಐಆರ್ ದಾಖಲಿಸಬಹುದು. ಸಹಾಯಕ್ಕೆ 112, ಮಹಿಳಾ ಸಹಾಯವಾಣಿ 181, ಜಿಲ್ಲೆಯ ಸಖಿ ಕೇಂದ್ರ. ತಿಂಗಳುಗಳ ನಂತರವೂ ನಿದ್ದೆ ಬಾರದೆ, ಓದು ತಲೆಗೆ ಹತ್ತದೆ ಒದ್ದಾಡುವವರಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರುಗಳು ಪ್ರಾಂಶುಪಾಲರ ಕೋಣೆಯ ಗೋಡೆಗಿಂತ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲ ಒಳಬದಿಯಲ್ಲಿರುವುದು ಒಳ್ಳೆಯದು. ಅಲ್ಲಿ ಯಾರ ಕಣ್ಣಿಗೂ ಬೀಳದೆ ಬರೆದುಕೊಳ್ಳಬಹುದು.

ಆದರೆ ಈ ಯಾವ ನಂಬರಿಗೂ ಮುಂಚೆ ಅವಳು ಹೇಳಿಕೊಳ್ಳುವುದು ರೂಮ್‌ಮೇಟಿಗೆ. "ಅಷ್ಟೊತ್ತಲ್ಲಿ ಅಲ್ಲಿಗ್ಯಾಕೆ ಹೋದೆ?" ಎಂದು ಆ ಗೆಳತಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಎಷ್ಟೋ ಸಲ ಶಾಶ್ವತವಾಗಿ. "ನನ್ನ ಹತ್ರ ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ. ಈಗ ಏನು ಮಾಡೋಣ ಅಂತೀಯ?" ಎಂದರೆ ಮುಂದಿನ ದಾರಿ ತೆರೆಯುತ್ತದೆ. ಪೂರ್ತಿ ಕಥೆ ಕೇಳಬೇಕಿಲ್ಲ, ವಿವರ ಕೆದಕಬೇಕಿಲ್ಲ. ಜೊತೆಯಲ್ಲಿ ಆಸ್ಪತ್ರೆಗೆ ನಡೆದರೆ ಸಾಕು. ಹಾಸ್ಟೆಲಿನ ವಾರ್ಡನ್ನಿಗೂ ಎನ್‌ಎಸ್‌ಎಸ್ ಅಧಿಕಾರಿಗೂ ಕ್ಲಾಸ್ ಮೆಂಟರಿಗೂ ಕಲಿಸಬೇಕಾದದ್ದು ಇದನ್ನೇ. ನೆನಪು ತುಂಡುತುಂಡಾಗಿರುವುದು, ಹೇಳುವಾಗ ನಗುವುದು, ಮಾರನೆಯ ದಿನ ಏನೂ ಆಗದವಳಂತೆ ಕ್ಲಾಸಿಗೆ ಬಂದು ಕೂರುವುದು, ಇವೆಲ್ಲ ಆಘಾತಕ್ಕೊಳಗಾದ ಮನಸ್ಸು ನಡೆದುಕೊಳ್ಳುವ ರೀತಿಗಳು. ಇವನ್ನೇ ಸುಳ್ಳಿಗೆ ಪುರಾವೆಯೆಂದು ಬಗೆದು ಅನೇಕ ಹೆಣ್ಣುಮಕ್ಕಳನ್ನು ನಾವು ಒಂಟಿಯಾಗಿಸಿದ್ದೇವೆ.

ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಒಂಟಿಯಾಗಿಸುವುದು, ಜೊತೆಗೆ ನಿಲ್ಲುವುದು ಎರಡೂ ಕಂಡವು. 2024ರ ಡಿಸೆಂಬರ್ 23ರ ರಾತ್ರಿ ಕ್ಯಾಂಪಸ್ಸಿನೊಳಗೆ ವಿದ್ಯಾರ್ಥಿನಿಯ ಮೇಲೆ ಹೊರಗಿನವನೊಬ್ಬ ದೌರ್ಜನ್ಯ ಎಸಗಿದ. ಅವಳು ಧೈರ್ಯ ಮಾಡಿ ದೂರು ಕೊಟ್ಟಳು. ಅವಳ ವಿವರಗಳಿದ್ದ ಎಫ್‌ಐಆರ್ ಸಾರ್ವಜನಿಕವಾಗಿ ಸೋರಿಹೋಯಿತು. ಮದ್ರಾಸ್ ಹೈಕೋರ್ಟ್ ಎಫ್‌ಐಆರಿನ ಭಾಷೆಯನ್ನೂ ಸೋರಿಕೆಯನ್ನೂ ಖಂಡಿಸಿ, ಮಹಿಳಾ ಐಪಿಎಸ್ ಅಧಿಕಾರಿಗಳ ತನಿಖಾ ತಂಡ ನೇಮಿಸಿತು. ಸರ್ಕಾರ 25 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ವಿಶ್ವವಿದ್ಯಾಲಯ ಅವಳ ಓದು ಮುಗಿಯುವವರೆಗೆ ಶುಲ್ಕ ಪಡೆಯಬಾರದು, ಆಪ್ತ ಸಮಾಲೋಚನೆ ಒದಗಿಸಬೇಕು ಎಂದಿತು. 2025ರ ಜೂನ್‌ನಲ್ಲಿ ಅಪರಾಧಿಗೆ ಕನಿಷ್ಠ 30 ವರ್ಷ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆಯಾಯಿತು. ಶಿಕ್ಷೆಯ ಸುದ್ದಿಗೆ ಮುಖಪುಟ ಸಿಕ್ಕಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಶುಲ್ಕ ಮತ್ತು ಓದಿನ ಮಾತು. ನ್ಯಾಯಾಲಯ ಅವಳನ್ನು ಬರೀ ಸಾಕ್ಷಿಯಾಗಿ ನೋಡದೆ ವಿದ್ಯಾರ್ಥಿನಿಯಾಗಿಯೂ ನೋಡಿತು.

ತಡೆಯುವುದು ಹೇಗೆ? ಆಡಿಟೋರಿಯಮ್ಮಿನಲ್ಲಿ ಐನೂರು ಜನರನ್ನು ಕೂರಿಸಿ, ಇನ್‌ಸ್ಪೆಕ್ಟರ್ ಒಬ್ಬರಿಂದ ಒಂದು ಗಂಟೆ ಉಪನ್ಯಾಸ ಕೊಡಿಸಿ, ಫೋಟೊ ತೆಗೆದು ಫೈಲಿಗೆ ಸೇರಿಸಿದರೆ ಯಾರ ನಡತೆಯೂ ಬದಲಾಗುವುದಿಲ್ಲ. ಚಿಕ್ಕ ಗುಂಪು, ಹಲವು ಭೇಟಿ, ಅಭ್ಯಾಸ ಬೇಕು. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಶಾರ್ಲಿನ್ ಸೆನ್ ಮತ್ತು ಸಂಗಡಿಗರು ಸುಮಾರು 900 ಮೊದಲ ವರ್ಷದ ವಿದ್ಯಾರ್ಥಿನಿಯರ ಜೊತೆ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹನ್ನೆರಡು ಗಂಟೆಗಳ ತರಬೇತಿ, ನಾಲ್ಕು ಭೇಟಿ: ಪರಿಚಿತನಿಂದ ಬರುವ ಅಪಾಯವನ್ನು ಗುರುತಿಸುವುದು, ಬೇಡವೆಂದು ಹೇಳಲು ಅಡ್ಡಿಯಾಗುವ ಸಂಕೋಚವನ್ನು ದಾಟುವುದು, ಎದುರಿಸುವುದು. ಒಂದು ವರ್ಷದ ನಂತರ ತರಬೇತಿ ಪಡೆದವರಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಶೇ 5.2, ಕರಪತ್ರ ಮಾತ್ರ ಪಡೆದವರಲ್ಲಿ ಶೇ 9.8. ಹೆಚ್ಚುಕಡಿಮೆ ಅರ್ಧ. ಹಾಗಂತ ತಡೆಯುವ ಭಾರವನ್ನು ಹುಡುಗಿಯರ ಹೆಗಲಿಗೇ ಹಾಕುವುದು ಅನ್ಯಾಯ. ಹುಡುಗರ ಹಾಸ್ಟೆಲಿನಲ್ಲಿ ಇದೇ ಬಗೆಯ ಮಾತುಕತೆ ನಡೆಯಬೇಕು. ಸುಮ್ಮನಿದ್ದಳೆಂದರೆ ಒಪ್ಪಿದಳೆಂದು ಅರ್ಥವಲ್ಲ. ಕುಡಿದು ಪ್ರಜ್ಞೆ ತಪ್ಪಿದವಳು ಒಪ್ಪಿಗೆ ಕೊಡಲಾರಳು. ನಿನ್ನೆ ಒಪ್ಪಿದ್ದು ಇವತ್ತಿಗೆ ಅನ್ವಯಿಸುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಹಪಾಠಿಯ ಫೋಟೊ ಬಂದಾಗ "ತೆಗಿಯೋ ಮಾರಾಯ" ಎನ್ನುವ ಒಬ್ಬ ಹುಡುಗ ಬೇಕು. ಫೆಸ್ಟಿನ ರಾತ್ರಿ ಸೀನಿಯರ್ ಒಬ್ಬ ಜೂನಿಯರ್ ಹುಡುಗಿಯನ್ನು ಮೂಲೆಗೆ ಕರೆದೊಯ್ಯುವಾಗ, "ಬಾರೋ, ಮೇಡಂ ಕರೀತಿದ್ದಾರೆ" ಎಂದು ಸುಳ್ಳು ಹೇಳಿಯಾದರೂ ತಡೆಯುವ ಗೆಳೆಯ ಬೇಕು. ಇಂಥದ್ದನ್ನು ಅಭ್ಯಾಸ ಮಾಡಿಸಿ ಕಲಿಸಬಹುದು.

ಇದನ್ನೆಲ್ಲ ಕಲಿಸುವವರು, ದೂರು ಬಂದಾಗ ಕೂರುವವರು ಯಾರೆಂದು ವಿದ್ಯಾರ್ಥಿಗಳಿಗೆ ಮುಖಪರಿಚಯವಾದರೂ ಇರಬೇಕು. ಸಮಿತಿಯ ಮೂವರು ವಿದ್ಯಾರ್ಥಿ ಸದಸ್ಯರು ಪಾರದರ್ಶಕ, ಪ್ರಜಾಸತ್ತಾತ್ಮಕ ರೀತಿಯಲ್ಲಿ ಚುನಾಯಿತರಾಗಬೇಕೆಂದು ಯುಜಿಸಿ ನಿಯಮ ಹೇಳುತ್ತದೆ. 1980ರ ದಶಕದ ಕೊನೆಯಿಂದ ವಿದ್ಯಾರ್ಥಿ ಸಂಘಗಳ ಚುನಾವಣೆಯನ್ನೇ ಕಾಣದ ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ಈ ಸ್ಥಾನಗಳಿಗೂ ಪ್ರಾಂಶುಪಾಲರು ಹೆಸರು ಸೂಚಿಸಿದರೆ ಮುಗಿಯಿತು ಎಂಬ ಭಾವನೆ ಬೇರೂರಿದೆ. ಸಂಘಗಳ ಚುನಾವಣೆ ಮತ್ತೆ ಬರಬೇಕೇ ಎಂಬ ದೊಡ್ಡ ವಾದ ನಡೆಯುತ್ತಿರಲಿ. ಈ ಮೂರು ಸ್ಥಾನಗಳಿಗೆ ಮತದಾನ ನಡೆಸಲು ಹೊಸ ಕಾನೂನು ಬೇಕಿಲ್ಲ, ಸರ್ಕಾರದ ಅನುಮತಿಯೂ ಬೇಕಿಲ್ಲ. ಬರುವ ಶೈಕ್ಷಣಿಕ ವರ್ಷದ ಮೊದಲ ತಿಂಗಳಲ್ಲೇ, ಪದವಿ, ಸ್ನಾತಕೋತ್ತರ, ಸಂಶೋಧನೆ ಮೂರೂ ಹಂತಗಳಿಂದ ಒಬ್ಬೊಬ್ಬರನ್ನು, ಗುಪ್ತ ಮತದಾನದಲ್ಲಿ ಆರಿಸಬಹುದು.